ಸಹಿ ಹಾಕಿದ ಡಾಕ್ಟರಮ್ಮ

ಅಣ್ಣನಿಗೆ ಕೆಮ್ಮು ಶುರುವಾದಾಗ ನಾನು ವಿಜಯವಾಡದ ಒನ್ ಟೌನಿನಲ್ಲಿ ಬ್ಯಾಂಕ್ ಅಧಿಕಾರಿಯಾಗಿದ್ದೆ. ಹಾಸನ ಜಿಲ್ಲೆಯ ಒಂದೇ ಮನೆಯಿಂದ ಹೊರಟರೂ ನಾವಿಬ್ಬರು ಆಂಧ್ರಕ್ಕೆ ಬಂದ ದಾರಿ ಬೇರೆ. ಅವನು ಮೀಸೆ ಮೂಡುವ ಮೊದಲೇ ನೌಕಾಪಡೆ ಸೇರಿ, ಹಡಗುಗಳ ಎಂಜಿನ್ ಕೋಣೆಯಲ್ಲಿ ಆಯಸ್ಸಿನ ಅರ್ಧ ಕಳೆದು, ನಿವೃತ್ತನಾದ ಮೇಲೆ ವಿಶಾಖಪಟ್ಟಣದ ಗಾಜುವಾಕದಲ್ಲೇ ಉಳಿದುಬಿಟ್ಟ. ಅತ್ತಿಗೆ ಅಲ್ಲಿಯವಳು, ತೆಲುಗು ಮನೆಯವಳು. ನಾನು ವರ್ಗಾವಣೆಯ ಮೇಲೆ ಬಂದವಳು, ಒಂಟಿ. ಬ್ಯಾಂಕಿಗೆ ರಜೆಯಿರುವ ಶನಿವಾರಗಳಲ್ಲಿ ಬೆಳಗಿನ ರೈಲು ಹತ್ತಿ ಅವರ ಮನೆಗೆ ಹೋಗುತ್ತಿದ್ದೆ. ತಿಂಗಳಿಗೆರಡು ಸಲ ಬಾಯಿತುಂಬ ಕನ್ನಡ ಮಾತಾಡುವುದು ಅಲ್ಲಿ ಮಾತ್ರ.

ಅಣ್ಣ ದಪ್ಪ ಧ್ವನಿಯ ಮನುಷ್ಯ. ಎಂಜಿನ್ನಿನ ಸದ್ದಿನಲ್ಲಿ ಕೂಗಿ ಕೂಗಿ, ಮನೆಯಲ್ಲೂ ಉಪ್ಪು ಕೇಳಬೇಕಾದರೆ ಪಕ್ಕದ ಮನೆಗೆ ಕೇಳಿಸುವಂತೆ ಕೇಳುತ್ತಿದ್ದ. ಆ ಧ್ವನಿ ಸಣ್ಣಗಾಗುತ್ತಾ ಬಂದದ್ದು ಮೊದಲು ನನಗೇ ಗೊತ್ತಾಯಿತು, ಫೋನಿನಲ್ಲಿ.

"ಕ್ಲಿನಿಕ್‌ಗೆ ಹೋಗಿದ್ದೆ ಕಣೇ. ಔಷಧಿ ಕೊಟ್ಟವ್ರೆ," ಅಂದ.

ಕ್ಲಿನಿಕ್ ಅಂದರೆ ಮಾಜಿ ಸೈನಿಕರಿಗೆಂದೇ ಇರುವ ಸರ್ಕಾರಿ ಚಿಕಿತ್ಸಾಲಯ. ಅಲ್ಲಿನ ಡಾಕ್ಟರು ಚೀಟಿ ಬರೆದುಕೊಟ್ಟರೆ ಮಾತ್ರ ದೊಡ್ಡ ಆಸ್ಪತ್ರೆಗೆ ಹೋಗಬಹುದು. ಬೆಳಿಗ್ಗೆ ಏಳಕ್ಕೆ ಟೋಕನ್ ತೆಗೆದುಕೊಂಡರೆ ಹನ್ನೆರಡಕ್ಕೆ ಸರದಿ. ಡಾಕ್ಟರುಗಳೆಲ್ಲ ಗುತ್ತಿಗೆಯವರು, ಇವತ್ತು ಇದ್ದವರು ಮುಂದಿನ ತಿಂಗಳು ಇರುವುದಿಲ್ಲ. ಅಣ್ಣನಿಗೆ ಒಂದು ಎಕ್ಸ್-ರೇ ಮಾಡಿಸಿದರು. ರಿಪೋರ್ಟು ನೇರವಾಗಿ ನಮಗೇ ಬರುತ್ತೆ, ಏನಾದರೂ ಇದ್ದರೆ ಹೇಳುತ್ತೇವೆ ಅಂದರು. ಅವನು ಮತ್ತೆ ಮೂರು ಸಲ ಹೋದ. ಯಾರೂ ಏನೂ ಹೇಳಲಿಲ್ಲ. ಹೇಳದಿದ್ದ ಮೇಲೆ ಏನೂ ಇಲ್ಲ ಅಂತಲೇ ಅರ್ಥ ಅಂದುಕೊಂಡ. ಕೆಮ್ಮಿನ ಸಿರಪ್ಪಿನ ಬಾಟಲಿಗಳು ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ನಿಂತವು.

ಎಂಟು ತಿಂಗಳು ಹೀಗೇ ಹೋಯಿತು. ಆಮೇಲೆ ಅಲ್ಲಿಗೆ ಒಬ್ಬ ಹೊಸ ಡಾಕ್ಟರಮ್ಮ ಬಂದರು. ಮೂವತ್ತೈದರ ಆಸುಪಾಸು, ಗುತ್ತಿಗೆಯವರೇ. ಆ ದಿನ ನಾನೂ ಅಣ್ಣನ ಜೊತೆ ಹೋಗಿದ್ದೆ. ಅವರು ಬೇರೆಯವರಂತೆ ಮೇಲಿನ ಹಾಳೆಯನ್ನಷ್ಟೇ ನೋಡಲಿಲ್ಲ, ಕಡತವನ್ನು ಹಿಂದಿನಿಂದ ತಿರುವಿದರು. ಒಂದು ಹಾಳೆಯ ಹತ್ತಿರ ಕೈ ನಿಂತಿತು. ಬಾಗಿಲ ಹೊರಗೆ ಜನ ಗದ್ದಲ ಮಾಡುತ್ತಿದ್ದರು. ಅವರು ಆ ಹಾಳೆಯನ್ನು ನಮ್ಮ ಕಡೆಗೆ ತಿರುಗಿಸಿ ತೆಲುಗಿನಲ್ಲಿ ಮೆಲ್ಲಗೆ ಕೇಳಿದರು:

"ಇದನ್ನ ನಿಮಗೆ ಯಾರಾದರೂ ತೋರಿಸಿದ್ದರಾ?"

ಎಂಟು ತಿಂಗಳ ಹಿಂದಿನ ಎಕ್ಸ್-ರೇ ರಿಪೋರ್ಟು. ಬಲ ಶ್ವಾಸಕೋಶದ ಪಕ್ಕ ನೆರಳು ಕಾಣುತ್ತಿದೆ, ಕೂಡಲೇ ಸ್ಕ್ಯಾನ್ ಮಾಡಿಸಬೇಕು ಅಂತ ಸ್ಪಷ್ಟವಾಗಿ ಬರೆದಿತ್ತು. ನೋಡಿದವರ ಸಹಿಗೆಂದು ಬಿಟ್ಟಿದ್ದ ಜಾಗ ಖಾಲಿಯಿತ್ತು. ಯಾರೋ ಅದನ್ನು ತಂದು ಕಡತಕ್ಕೆ ಸೇರಿಸಿದ್ದರು, ಅಷ್ಟೆ.

"ಇಲ್ಲಂಡಿ," ಅಂದ ಅಣ್ಣ.

ಡಾಕ್ಟರಮ್ಮ ಪೆನ್ನು ತೆಗೆದು ಹಳೆಯ ತಾರೀಕಿನ ಸುತ್ತ ಗೆರೆ ಎಳೆದರು. ಅದರ ಕೆಳಗೆ, ಈ ವರದಿಯನ್ನು ಇವತ್ತು ನೋಡಿದ್ದೇನೆ, ಮೊದಲೇ ಆಸ್ಪತ್ರೆಗೆ ಕಳಿಸಬೇಕಿತ್ತು ಅಂತ ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದರು. ಆಸ್ಪತ್ರೆಯ ಚೀಟಿಯನ್ನೂ ಆಗಲೇ ಬರೆದು, ರಿಪೋರ್ಟಿನ ನಕಲಿನ ಜೊತೆ ಕೊಟ್ಟರು. ನಾವು ಏಳುವಾಗ, "ನಾನು ಬಂದು ಒಂಬತ್ತು ದಿನ ಆಯಿತು. ಆದರೂ ನನ್ನನ್ನ ಕ್ಷಮಿಸಿ," ಅಂದರು. ಸರ್ಕಾರಿ ಕುರ್ಚಿಯಲ್ಲಿ ಕೂತವರ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ.

ಆಸ್ಪತ್ರೆಯವರು ಶ್ವಾಸಕೋಶದ ಪೊರೆಯ ಕ್ಯಾನ್ಸರ್ ಅಂದರು. ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಧೂಳಿನಿಂದ ಬರುವಂಥದ್ದು. ಹಳೆಯ ಹಡಗುಗಳ ಹಬೆ ಪೈಪಿಗೆ ಸುತ್ತಿರುತ್ತಿದ್ದ ಕಲ್ನಾರಿನ ಪಟ್ಟಿಯನ್ನು ಬರಿಗೈಯಲ್ಲಿ ಹರಿದು ತೆಗೆಯುತ್ತಿದ್ದದ್ದು, ಧೂಳು ರಾಗಿಹಿಟ್ಟಿನ ಹಾಗೆ ಮೈಗೆಲ್ಲ ಹತ್ತುತ್ತಿದ್ದದ್ದು, ಒಬ್ಬರಿಗೊಬ್ಬರು ತೋರಿಸಿಕೊಂಡು ನಗುತ್ತಿದ್ದದ್ದು, ಇದನ್ನೆಲ್ಲ ಅಣ್ಣ ಆಸ್ಪತ್ರೆಯ ಡಾಕ್ಟರಿಗೆ ಕಥೆಯಂತೆ ಹೇಳಿದ. ಮೊದಲೇ ಬಂದಿದ್ದರೆ ವಾಸಿಯಾಗುತ್ತಿತ್ತಾ ಅಂತ ನಾನು ಕೇಳಿದೆ. "ವಾಸಿ ಅಂತ ಹೇಳಲಾರೆ. ಇನ್ನೂ ಸ್ವಲ್ಪ ಕಾಲ ಸಿಗುತ್ತಿತ್ತು, ಇಷ್ಟು ನೋವೂ ಇರುತ್ತಿರಲಿಲ್ಲ," ಅಂದರು.

ನನಗೆ ಬಂದ ಸಿಟ್ಟು ಇವತ್ತಿಗೂ ನೆನಪಿದೆ. ನಮ್ಮ ಕೆಲಸದಲ್ಲಿ ಒಂದು ಕಾಗದ ಮೇಜಿನಿಂದ ಮೇಜಿಗೆ ಹೋದರೂ ಯಾರು ನೋಡಿದರು ಅಂತ ಗುರುತಿರಬೇಕು. ಇಲ್ಲಿ ಒಬ್ಬ ಮನುಷ್ಯನ ಎದೆಯ ಚಿತ್ರ ಎಂಟು ತಿಂಗಳು ಅನಾಥವಾಗಿ ಬಿದ್ದಿತ್ತು. ನಾಲ್ಕು ಪುಟದ ದೂರು ಬರೆದೆ. ಚಿಕಿತ್ಸಾಲಯದ ಮುಖ್ಯಸ್ಥರಿಗೆ, ಅವರ ಮೇಲಿನವರಿಗೆ, ಅದಕ್ಕೂ ಮೇಲಿನವರಿಗೆ ಕಳಿಸಿದೆ. ಉತ್ತರ ಬರಲಿಲ್ಲ.

ಆ ದಿನಗಳಲ್ಲೇ ಮಾಜಿ ಸೈನಿಕರ ಆರೋಗ್ಯ ವ್ಯವಸ್ಥೆಯ ವಿಷಯ ರಾಜಕೀಯಕ್ಕೆ ಬಂದಿತ್ತು. ತಪ್ಪು ಮಾಡಿದವರನ್ನು ವಿಚಾರಣೆಯ ಹೆಸರಿನಲ್ಲಿ ಕಾಲ ತಳ್ಳದೆ ತಕ್ಷಣ ಮನೆಗೆ ಕಳಿಸುವ ಕಾನೂನು ಬೇಕು ಅಂತ ಒಂದು ಪಕ್ಷದವರು. ಮೊದಲು ಖಾಲಿ ಹುದ್ದೆ ತುಂಬಿ, ಗುತ್ತಿಗೆಯವರನ್ನು ಬಲಿ ಕೊಡಬೇಡಿ ಅಂತ ಇನ್ನೊಂದು ಪಕ್ಷದವರು. ಸಂಜೆಯ ಟೀವಿಯಲ್ಲಿ ಇದೇ ಕೂಗಾಟ. ನನ್ನ ದೂರು ಯಾರ ಕೈಯಿಂದ ಯಾರ ಕೈಗೆ ಹೋಯಿತೋ, ಮೊದಲನೇ ಪಕ್ಷದ ಒಬ್ಬ ಮುಖಂಡರ ಸಹಾಯಕ ನನಗೆ ಫೋನ್ ಮಾಡಿದ.

"ಮೇಡಂ ಗಾರೂ, ವಿಜಯವಾಡದಲ್ಲಿ ಸಭೆ ಇದೆ. ನೀವು ಬಂದು ಎರಡು ಮಾತಾಡಬೇಕು. ದೂರು ಮಾತ್ರ ಒಂದೇ ಪುಟ ಇರಲಿ. ನಾಲ್ಕು ಪುಟ ಯಾರೂ ಓದಲ್ಲ."

ಒಂದು ಪುಟಕ್ಕೆ ಇಳಿಸಿದೆ. ಡಾಕ್ಟರಮ್ಮ ಬಂದು ಒಂಬತ್ತೇ ದಿನವಾಗಿತ್ತು, ತಪ್ಪನ್ನು ಕಂಡುಹಿಡಿದವರೇ ಅವರು ಅನ್ನುವ ಭಾಗ ಮೂರನೇ ಪುಟದಲ್ಲಿತ್ತು. ಅದು ಹೋಯಿತು. ಚಿಕಿತ್ಸಾಲಯದ ವೈದ್ಯರು ವರದಿ ಕೈಯಲ್ಲಿದ್ದೂ ಕ್ರಮ ಕೈಗೊಳ್ಳಲಿಲ್ಲ ಅನ್ನುವ ಸಾಲು ಉಳಿಯಿತು. ಡಾಕ್ಟರಮ್ಮನ ಸಹಿಯಿದ್ದ ರಿಪೋರ್ಟಿನ ನಕಲನ್ನು ಲಗತ್ತಿಸಿದೆ. ಇದು ಆತುರದಲ್ಲಿ ಆದದ್ದು ಅಂತ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಕತ್ತರಿಸುವಾಗ ಆ ಭಾಗವನ್ನು ಎರಡು ಸಲ ಓದಿದ್ದೆ ಅನ್ನುವುದೂ ನಿಜ. ಅದಿದ್ದರೆ ದೂರಿನ ಕಾವು ಕಡಿಮೆಯಾಗುತ್ತೆ ಅನ್ನಿಸಿತ್ತು.

ಕಲ್ಯಾಣಮಂಟಪವೊಂದರಲ್ಲಿ ಸಭೆ. ಎದೆಗೆ ಪದಕ ಹಾಕಿಕೊಂಡ ಮುದುಕರು ಮುಂದಿನ ಸಾಲಿನಲ್ಲಿ ಕೂತಿದ್ದರು. ನನ್ನ ಹರಕು ತೆಲುಗಿನಲ್ಲಿ ಅಣ್ಣನ ಕಥೆ ಹೇಳಿದೆ. ಎಂಟು ತಿಂಗಳು ಅಂದಾಗ ಸಭೆ ನಿಟ್ಟುಸಿರು ಬಿಟ್ಟಿತು. ಮುಖಂಡರು ನನ್ನ ಕೈಯಿಂದ ಕಾಗದ ಇಸಿದುಕೊಂಡು ಎತ್ತಿ ಹಿಡಿದು, "ಈ ತಂಗಿಗೆ ನ್ಯಾಯ ಸಿಗುವವರೆಗೂ ನಾವು ಕೂರೋದಿಲ್ಲ," ಅಂದರು. ಚಪ್ಪಾಳೆ ಬಿತ್ತು. ನನಗೆ ಹಿತವಾಯಿತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಹದಿನೈದು ದಿನ ಕಳೆದಿರಬೇಕು. ನಾನು ಗಾಜುವಾಕದ ಮನೆಗೆ ಹೋದಾಗ ಅಣ್ಣ ದಿಂಬಿಗೊರಗಿ ಕೂತಿದ್ದ. ಕೂತೇ ನಿದ್ದೆ ಮಾಡುವ ಸ್ಥಿತಿಗೆ ಬಂದಿದ್ದ. ನನ್ನ ಮುಖ ನೋಡಲಿಲ್ಲ.

"ಆ ಡಾಕ್ಟರಮ್ಮನ್ನ ತೆಗೆದುಹಾಕಿದ್ರಂತೆ," ಅಂದ.

"ಯಾರನ್ನ?"

"ನನ್ನ ರಿಪೋರ್ಟ್ ನೋಡಿದೋಳನ್ನ. ನಿನ್ನ ದೂರಿನ ಮೇಲೇ ಅಂತೆ."

ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ನಿಮ್ಮ ಅಣ್ಣಯ್ಯ ಬೆಳಗಿಂದ ಏನೂ ತಿಂದಿಲ್ಲ," ಅಂದಳು ತನ್ನ ತೆಲುಗು ಬೆರೆತ ಕನ್ನಡದಲ್ಲಿ.

ನಾನು ಆ ಸಹಾಯಕನಿಗೆ ಫೋನ್ ಮಾಡಿದೆ. ಅವನು ಖುಷಿಯಲ್ಲಿದ್ದ. "ನೋಡಿದಿರಾ ಮೇಡಂ, ನಮ್ಮ ಒತ್ತಡಕ್ಕೆ ಎಷ್ಟು ಬೇಗ ಕ್ರಮ ಆಯಿತು!" ತಪ್ಪು ಆ ಡಾಕ್ಟರಮ್ಮನದ್ದಲ್ಲ ಅಂದೆ. "ಕ್ರಮ ಕೇಳಿದ್ದು ನೀವೇ ಅಲ್ಲವಾ?" ಅಂದ.

ಸೋಮವಾರ ರಜೆ ಹಾಕಿ ಚಿಕಿತ್ಸಾಲಯದ ಮುಖ್ಯಸ್ಥರನ್ನು ಕಂಡೆ. ಅವರೂ ನಿವೃತ್ತ ಅಧಿಕಾರಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಸೌಜನ್ಯದ ಮಾತು. ಕಡತ ತರಿಸಿ ಅದೇ ಹಾಳೆಯನ್ನು ತೋರಿಸಿದರು.

"ಇಡೀ ರಿಪೋರ್ಟಿನ ಮೇಲೆ ಇರೋದು ಒಂದೇ ಸಹಿ, ನೋಡಿ. ಮೊದಲೇ ಕಳಿಸಬೇಕಿತ್ತು ಅಂತ ಅವರೇ ಒಪ್ಪಿಕೊಂಡು ಬರೆದಿದ್ದಾರೆ."

"ಅವರು ಬರುವ ಮೊದಲು ಎಂಟು ತಿಂಗಳು ಇದ್ದವರು ಯಾರು?"

"ಇಬ್ಬರೋ ಮೂವರೋ ಇದ್ದರು. ಗುತ್ತಿಗೆ ಮುಗಿದು ಹೋದರು. ಸಹಿ ಹಾಕಿದವರನ್ನ ಕೇಳಬಹುದು ಮೇಡಂ. ಹಾಕದೇ ಇದ್ದವರನ್ನ ಏನಂತ ಕೇಳೋದು?"

"ರಿಪೋರ್ಟು ಬಂದರೆ ಯಾರು ನೋಡಬೇಕು ಅಂತ ನಿಯಮ ಇಲ್ಲವಾ? ಅದನ್ನ ನೋಡಿಕೊಳ್ಳೋದು ನಿಮ್ಮ ಕೆಲಸ ಅಲ್ಲವಾ?"

ಅವರು ಕಡತ ಮುಚ್ಚಿ, ನನಗೆ ಚಹಾ ಹೇಳಿದರು. ನಾನು ಕುಡಿಯದೆ ಎದ್ದು ಬಂದೆ.

ಅಣ್ಣ ತಾನೇ ಒಂದು ಪತ್ರ ಬರೆಸುತ್ತೇನೆ ಅಂದ. ಎರಡು ಮಾತಿಗೊಮ್ಮೆ ಉಸಿರಿಗಾಗಿ ನಿಲ್ಲುತ್ತಾ ಅವನು ಕನ್ನಡದಲ್ಲಿ ಹೇಳಿದ, ನಾನು ಇಂಗ್ಲಿಷಿನಲ್ಲಿ ಬರೆದೆ. ಈ ಡಾಕ್ಟರು ನನ್ನ ಕಾಯಿಲೆ ಕಂಡುಹಿಡಿದವರು, ಇವರನ್ನು ವಾಪಸು ತೆಗೆದುಕೊಳ್ಳಿ. ನನ್ನ ತಂಗಿಯ ದೂರಿನಲ್ಲಿ ಪೂರ್ತಿ ಸತ್ಯ ಇಲ್ಲ. ಆ ಕೊನೆಯ ಸಾಲು ಬರೆಯುವಾಗ ನಾನು ತಲೆ ಎತ್ತಿದೆ.

"ಬರಿ. ಹಂಗೇ ಬರಿ," ಅಂದ.

ಬರೆದೆ. ಅವನು ತನ್ನ ಹೆಸರು, ಹುದ್ದೆ, ನೌಕಾಪಡೆಯ ಸಂಖ್ಯೆ ಎಲ್ಲವನ್ನೂ ಕೈಯಾರೆ ಬರೆದು ಸಹಿ ಹಾಕಿದ. ಅಷ್ಟಕ್ಕೇ ಅವನಿಗೆ ಹತ್ತು ನಿಮಿಷ ಬೇಕಾಯಿತು.

ಈ ಪತ್ರದ ಸುದ್ದಿ ಹೇಗೋ ಎರಡನೇ ಪಕ್ಷದವರಿಗೆ ಮುಟ್ಟಿತು. ತಮ್ಮ ಧರಣಿಗೆ ಬಂದು, ಮೊದಲನೇ ಪಕ್ಷದವರಿಂದ ನಾನು ಮೋಸಹೋದೆ ಅಂತ ಹೇಳಬೇಕು ಅಂತ ನನ್ನನ್ನು ಕರೆದರು. ಬಂದರೆ ಡಾಕ್ಟರಮ್ಮನಿಗೆ ಕೆಲಸ ವಾಪಸು ಸಿಗುತ್ತಾ ಅಂತ ಕೇಳಿದೆ. "ಅದು ಮುಂದಿನ ಹಂತ ಮೇಡಂ. ಈಗ ಇವರ ಬಂಡವಾಳ ಬಯಲು ಮಾಡಬೇಕು," ಅಂದರು. ನಾನು ಹೋಗಲಿಲ್ಲ. ಹೋಗಬೇಕಿತ್ತೇನೋ, ಗೊತ್ತಿಲ್ಲ.

ಚಿಕಿತ್ಸಾಲಯದಲ್ಲಿ ಆ ಜಾಗಕ್ಕೆ ನಾಲ್ಕು ತಿಂಗಳು ಯಾರನ್ನೂ ಹಾಕಲಿಲ್ಲ. ಇದ್ದ ಒಬ್ಬರೇ ಡಾಕ್ಟರು ಎಲ್ಲರನ್ನೂ ನೋಡಬೇಕು. ಅಣ್ಣನ ನೋವಿನ ಮಾತ್ರೆಯ ಚೀಟಿಗೆ ಅತ್ತಿಗೆ ಒಂದೊಂದು ಸಲ ಇಡೀ ದಿನ ಕೂತು ಬರುತ್ತಿದ್ದಳು. ಒಮ್ಮೆ ಚೀಟಿ ಸಿಗದೆ ಬಂದ ದಿನ ಅವನು ನೋವಿಗೆ ಹಲ್ಲು ಕಚ್ಚಿ, ಮಂಚದ ಕಂಬಿ ಹಿಡಿದಿದ್ದ. ಅತ್ತಿಗೆ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ದಸರಾ ಮುಗಿದ ವಾರ, ಒಂದು ಮಧ್ಯಾಹ್ನ, ಅಣ್ಣ ತೀರಿಕೊಂಡ. ಹನ್ನೊಂದನೆಯ ದಿನ ಮೊದಲ ಪಕ್ಷದ ಇಬ್ಬರು ಬಂದು, ಸಮವಸ್ತ್ರದಲ್ಲಿರುವ ಅವನ ಫೋಟೋ ಬೇಕು, ಮುಂದಿನ ಸಭೆಯ ಬ್ಯಾನರಿಗೆ ಹಾಕುತ್ತೇವೆ ಅಂದರು. ಅತ್ತಿಗೆ ಅವರಿಗೆ ನೀರು ಕೊಟ್ಟಳು, ಕುಡಿಯುವವರೆಗೂ ಕಾದಳು, ಆಮೇಲೆ ಲೋಟ ಇಸಿದುಕೊಂಡು ಬಾಗಿಲು ಹಾಕಿದಳು. ಅಣ್ಣನ ಪತ್ರಕ್ಕೆ ಉತ್ತರ ಅದಾದ ಮೇಲೆ ಬಂತು, ಅವನ ಹೆಸರಿಗೇ. ವಿಷಯವನ್ನು ಪರಿಶೀಲಿಸಿ ಮುಕ್ತಾಯಗೊಳಿಸಲಾಗಿದೆ ಅಂತ ಎರಡು ಸಾಲು.

ಡಾಕ್ಟರಮ್ಮನನ್ನು ಹುಡುಕಲು ನನಗೆ ಧೈರ್ಯ ಬಂದದ್ದು ಇನ್ನೂ ಕೆಲವು ತಿಂಗಳ ನಂತರ. ವಿಶಾಖಪಟ್ಟಣದಲ್ಲೇ, ಋಷಿಕೊಂಡದ ಗುಡ್ಡದ ಮೇಲೆ ಒಂದು ಕಂಪನಿಯ ಆಫೀಸಿನಲ್ಲಿ, ತಲೆನೋವು ಹೊಟ್ಟೆನೋವು ಅಂತ ಬರುವ ನೌಕರರಿಗೆ ಮಾತ್ರೆ ಕೊಡುವ ಸಣ್ಣ ಕೋಣೆಯಲ್ಲಿ ಅವರು ಕೂತಿದ್ದರು. ನನ್ನ ಗುರುತು ತಕ್ಷಣ ಸಿಕ್ಕಿತು. ಕೂರಿ ಅಂದರು. ನಾನು ನಿಂತೇ ದೂರಿನ ವಿಷಯವೆಲ್ಲ ಹೇಳಿದೆ, ಮೂರನೇ ಪುಟ ತೆಗೆದದ್ದನ್ನೂ ಸೇರಿಸಿ.

ಅವರು ಅಡ್ಡ ಮಾತಾಡದೆ ಕೇಳಿದರು. "ವಿಚಾರಣೆ ಅಂತ ಕರೆದಿದ್ದರು. ಇಪ್ಪತ್ತು ನಿಮಿಷ," ಅಂದರು. "ಆ ಸಾಲು ಯಾಕೆ ಬರೆದಿರಿ ಅಂತ ಒಂದೇ ಪ್ರಶ್ನೆ ಕೇಳಿದರು. ಬರೆಯದೇ ಇದ್ದಿದ್ದರೆ ಏನೂ ಆಗ್ತಿರಲಿಲ್ಲ ಅಂತ ಅವರಲ್ಲೇ ಒಬ್ಬರು ಹೊರಗೆ ಬಂದು ಹೇಳಿದರು, ನನ್ನ ಒಳ್ಳೇದಕ್ಕೇ."

"ನನ್ನಿಂದ ತಪ್ಪಾಯಿತು."

"ಹೌದು," ಅಂದರು. ಸಮಾಧಾನದ ಮಾತೇನನ್ನೂ ಅದಕ್ಕೆ ಸೇರಿಸಲಿಲ್ಲ. ಆಮೇಲೆ, "ನಿಮ್ಮ ಅಣ್ಣ ಹೇಗಿದ್ದಾರೆ?" ಅಂತ ಕೇಳಿದರು.

ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳಿದೆ. ಕೊನೆಯಲ್ಲಿ ನೋವಿಗೆ ಯಾವ ಮಾತ್ರೆ ಕೊಡುತ್ತಿದ್ದರು, ದಿನಕ್ಕೆ ಎಷ್ಟು ಸಲ ಅಂತ ಕೇಳಿದರು. ಹೇಳಿದೆ. ಅದು ಸಾಲದು ಅನ್ನುವಂತೆ ತಲೆಯಾಡಿಸಿದರು. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಬಂದು ನಿಂತರು, ಹಣೆಯ ಮೇಲೆ ಕೈಯಿಟ್ಟುಕೊಂಡು. ಡಾಕ್ಟರಮ್ಮ ನನಗೆ ನಮಸ್ಕಾರ ಮಾಡಿ, ಅವರನ್ನು ಒಳಗೆ ಕರೆದರು.