ಎರಡೂ ಹೌದು ಅಂದ ಡಾಕ್ಟರು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ನೆದರ್ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ದಯಾಮರಣದ ಬಗ್ಗೆ ಡಾಕ್ಟರುಗಳನ್ನು ಹೇಗೆ ಕೇಳಿದರೆ ನಿಜವಾದ ಉತ್ತರ ಸಿಗುತ್ತದೆ ಅನ್ನುವುದೇ ನನ್ನ ವಿಷಯ. ಧಾರವಾಡಕ್ಕೆ ಫೋನ್ ಮಾಡಿದಾಗ ಅವ್ವ, "ಬ್ಯಾರೆ ಏನೂ ಸಿಗಲಿಲ್ಲೇನು ನಿನಗ ಓದಲಿಕ್ಕೆ?" ಅಂದಿದ್ದಳು.

ದಯಾಮರಣಕ್ಕೆ ಅನುಮತಿ ಕೊಡುವ ಕಾನೂನು ಅಲ್ಲಿ ಇನ್ನೂ ಬಂದಿರಲಿಲ್ಲ. ನಿಯಮ ಪಾಲಿಸಿ ವರದಿ ಕೊಟ್ಟ ಡಾಕ್ಟರ ಮೇಲೆ ಸಾಮಾನ್ಯವಾಗಿ ಕೇಸು ಹಾಕುತ್ತಿರಲಿಲ್ಲ, ಅಷ್ಟೆ. ಹಾಗಾಗಿ ಯಾರ ಹೆಸರನ್ನೂ ಬರೆದುಕೊಳ್ಳುವುದಿಲ್ಲ ಎಂದು ಮಾತು ಕೊಟ್ಟೇ ಸಂದರ್ಶನ ಶುರು ಮಾಡಬೇಕಿತ್ತು.

ನಮ್ಮ ಪ್ರಶ್ನೆಗಳು ಸರಿಯಿವೆಯೇ ಎಂದು ಮೊದಲು ನಾಲ್ಕಾರು ಜನರ ಹತ್ತಿರ ಪರೀಕ್ಷಿಸಬೇಕಿತ್ತು. ಅವರಲ್ಲಿ ಒಬ್ಬರು ಹಾರ್ಲೆಮ್‌ನ ಫ್ಯಾಮಿಲಿ ಡಾಕ್ಟರು. ಅರವತ್ತರ ಆಸುಪಾಸಿನವರು, ಮಾತು ಕಡಿಮೆ. ತಾವೇ ಕಾಫಿ ಮಾಡಿ ತಂದುಕೊಟ್ಟರು. ಮಾರ್ಫಿನ್ ಹೆಚ್ಚಿಸಿದ್ದು ನೋವು ತಗ್ಗಲೆಂದೋ, ಸಾವು ಬೇಗ ಬರಲೆಂದೋ ಎಂಬ ಪ್ರಶ್ನೆಗೆ ಬಂದಾಗ ಟೇಪ್ ನಿಲ್ಲಿಸಲು ಹೇಳಿದರು. ನಿಲ್ಲಿಸಿದೆ.

ಹೊಟ್ಟೆಯ ಕ್ಯಾನ್ಸರ್ ಆಗಿದ್ದ ಒಬ್ಬ ಬಡಗಿಯ ವಿಷಯ ಹೇಳಿದರು. ಬಹಳ ವರ್ಷಗಳಿಂದ ಇವರ ಪೇಷಂಟ್. ಬೆಳಿಗ್ಗೆ ಡೋಸ್ ಹೆಚ್ಚಿಸಿದಾಗ ಆತನ ನೋವಷ್ಟೇ ಇವರ ತಲೆಯಲ್ಲಿತ್ತಂತೆ. ಸಂಜೆ ಮತ್ತೆ ಹೆಚ್ಚಿಸುವಾಗ, ಇನ್ನು ಇವನು ಹೋಗಲಿ ಅನ್ನಿಸಿತ್ತಂತೆ.

"ನಿಮ್ಮ ಪ್ರಶ್ನೆಗೆ ಎರಡೂ ಹೌದು," ಅಂದರು. "ಒಂದನ್ನೇ ಆರಿಸಿಕೊಳ್ಳಿ ಅಂದರೆ ನಾನು ಸುಳ್ಳು ಹೇಳಬೇಕಾಗುತ್ತೆ."

ಇದನ್ನು ಬಳಸಿಕೊಳ್ಳಬಹುದೇ ಎಂದು ಕೇಳಿದೆ. ಬಡಗಿಯ ಹೆಂಡತಿಯನ್ನು ಕೇಳದೆ ಆಗುವುದಿಲ್ಲ ಎಂದರು. ಮುಂದಿನ ವಾರ ಆಕೆಯೇ ನನಗೆ ಫೋನ್ ಮಾಡಿದರು. ನನ್ನ ಅರ್ಧಂಬರ್ಧ ಡಚ್‌ನಲ್ಲಿ ಸಂತಾಪ ಹೇಳಲು ಹೊರಟರೆ ಮಧ್ಯದಲ್ಲೇ ತಡೆದರು.

"ಬರೆಯಿರಿ," ಅಂದರು. "ಆವತ್ತು ಡಾಕ್ಟರು ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತರು. ಯಾಕೆ ಅಂತ ನಾನು ಕೇಳಲಿಲ್ಲ."

ಎರಡೂ ಹೌದು ಎಂಬ ಉತ್ತರಕ್ಕೂ ಜಾಗ ಇರಲಿ ಎಂದರೆ ನನ್ನ ಗೈಡ್ ಮೊದಲು ಒಪ್ಪಲಿಲ್ಲ. ಉತ್ತರ ಹೀಗೆ ಅತ್ತಿತ್ತ ಆದರೆ ಎಣಿಸುವುದು ಹೇಗೆ ಎಂಬುದು ಆಕೆಯ ತಕರಾರು. ಪ್ರಶ್ನೆಯೇ ತಪ್ಪಾದರೆ ಎಣಿಸಿ ಏನು ಮಾಡುವುದು ಎಂದು ನಾನೂ ಪಟ್ಟು ಬಿಡಲಿಲ್ಲ. ಕೊನೆಗೆ 'ಸಾವು ಬೇಗ ಬರಲಿ ಎಂಬುದೂ ಭಾಗಶಃ ಇತ್ತು' ಎಂಬ ಮೂರನೇ ಉತ್ತರವನ್ನು ಸೇರಿಸಲು ಒಪ್ಪಿದರು. ಆಮೇಲಿನ ಸಂದರ್ಶನಗಳಲ್ಲಿ ಅದನ್ನೇ ಆರಿಸಿದ ಡಾಕ್ಟರುಗಳು ಸಿಗುತ್ತಲೇ ಹೋದರು.

ಆ ಸಾವುಗಳನ್ನು ದಯಾಮರಣದ ಲೆಕ್ಕಕ್ಕೆ ಸೇರಿಸಬೇಕೇ ಬೇಡವೇ ಎಂಬುದರಲ್ಲಿ ಗೈಡ್‌ಗೂ ನನಗೂ ಹೊಂದಲೇ ಇಲ್ಲ. ಪ್ರಬಂಧದಲ್ಲಿ ಅದಕ್ಕೇ ಒಂದು ಅಧ್ಯಾಯ ಬರೆದೆ. ಆಕೆ ಅದನ್ನು ಅರ್ಧಕ್ಕೆ ಇಳಿಸಿದರು.