ಈಶಪ್ಪ ಕೇಳಿಸಿಕೊಂಡ ಇಂಗ್ಲಿಷ್ ಮಾತು

ಈಶಪ್ಪನನ್ನು ನಾನು ಮೊದಲು ಕಂಡದ್ದು ಯಾದಗಿರಿ ಕಚೇರಿ ಎದುರು. ನಿಜಾಮರ ರಾಜ್ಯ ಹೋದ ಮರುವರ್ಷ. ಯಜಮಾನರು ತೀರಿಕೊಂಡ ಮೇಲೆ ನಾನು ಅಲ್ಲಿ ರೊಟ್ಟಿ ಬಡಿದು ಮಾರುತ್ತಿದ್ದೆ. ಕಂಬಳಿ ಹೊದ್ದ ಕುರುಬ ನಗುನಗುತ್ತ ಮೆಟ್ಟಿಲಿಳಿದು ಬಂದ.

“ಅಕ್ಕಾ, ಬಿಸಿ ರೊಟ್ಟಿ ಕೊಡು. ಸಾಹೇಬ್ರು ನನಗ ಇಮಾನಿನವ, ನಂಬಿಗಸ್ತ ಅಂದ್ರು! ಇಂಗ್ಲಿಷಿನಾಗ!”

ಬಣವೆಗೆ ಬೆಂಕಿ ಇಟ್ಟನೆಂದು ಅವನ ಗೆಳೆಯ ಅಮೀನುದ್ದೀನನನ್ನು ಹಿಡಿದಿದ್ದರು. ಆ ಸಂಜೆ ಅಮೀನುದ್ದೀನ ತನ್ನ ಜೊತೆ ಕುರಿಹಟ್ಟಿಯಲ್ಲಿದ್ದ ಎಂದು ಹೊಸ ಸಾಹೇಬರಿಗೆ ಸಾಕ್ಷಿ ಹೇಳಲು ಈಶಪ್ಪ ಬಳಿಚಕ್ರದಿಂದ ನಡೆದು ಬಂದಿದ್ದ.

ಅರ್ಜಿ ಬರೆಯುವ ಭಗವಂತರಾಯರು ನನ್ನಲ್ಲೇ ಉಣ್ಣುತ್ತಿದ್ದರು. ಅವರಿಗೆ ಇಂಗ್ಲಿಷ್ ಬರುತ್ತಿತ್ತು. “ಅಂದದ್ದು ಅಂದಂಗ ಹೇಳು” ಎಂದರು.

“ಇಮಾಜಿ... ಇಮಾಜಿನೇಟು ಅಂದ್ರು ನೋಡ್ರಿ.”

ರಾಯರ ತುತ್ತು ಕೈಯಲ್ಲೇ ಉಳಿಯಿತು. “ಇಮ್ಯಾಜಿನೇಟಿವ್. ಇಮಾನ್ ಅಲ್ಲೋ ಮಾರಾಯಾ! ಕಾಣದ್ದನ್ನ ಮನಸಿನಾಗ ಕಟ್ಟಾವ ಅಂತ.”

“ಅಂದ್ರ ಶಾಬಾಸ್ ಅಲ್ಲೇನ್ರಿ?”

“ಪದಾ ಕಟ್ಟಾವಗ ಅಂದ್ರ ಶಾಬಾಸ್. ಸಾಕ್ಷಿ ಹೇಳಾವಗ ಅಂದ್ರ ಸುಳ್ಳ ಹೇಳ್ತಾನ ಅಂತ. ನೀ ಏನ್ ಹೇಳಿದಿ?”

ಈಶಪ್ಪನ ಮುಖ ಕಪ್ಪಿಟ್ಟಿತು. “ಕುರಿ ಈಯಾಕ ಒದ್ದಾಡ್ತಿತ್ತು, ಅಮೀನ ಮರಿ ಎಳದ. ಚುಕ್ಕಿ ಕೆಳಗಿಳದು ನೋಡಿದ್ವು ಅಂದ್ನಿ.”

“ಹಂಗಾದ್ರ ಚುಕ್ಕಿಗೂ ಸಮನ್ಸ್ ಕಳಸ್ತಾರ!”

ಬೈಯುತ್ತಲೇ ರಾಯರು, ಇನ್ನೊಮ್ಮೆ ಸಾಕ್ಷಿ ಕೇಳಬೇಕೆಂದು ಅರ್ಜಿ ಹಾಕಿಕೊಟ್ಟರು. ಸಾಹೇಬರು ಸೋಮವಾರ ಬಾ ಎಂದರಂತೆ. ಅಂದೂ ನಂಬದಿದ್ದರೆ ಅಮೀನುದ್ದೀನನನ್ನು ದೊಡ್ಡ ಜೇಲಿಗೆ ಒಯ್ಯುವವರಿದ್ದರು.

ಅಲ್ಲಿಯವರೆಗೆ ಈಶಪ್ಪ ನನ್ನ ಒಲೆಯ ಮುಂದೆ ಕೂತು ಸಾಕ್ಷಿ ಹೇಳುವುದನ್ನು ಕಲಿತ. ಕಥೆ ಹೇಳಿ ರೂಢಿಯಾದ ಬಾಯಿ. ಕುರಿ ಈತು ಎನ್ನುವಷ್ಟರಲ್ಲಿ ಅವನ ಮಾತಿನಲ್ಲಿ ಗುಡ್ಡ ಉಸಿರು ಬಿಗಿಹಿಡಿಯುತ್ತಿತ್ತು.

“ಗುಡ್ಡ ತಗೀ ತಮ್ಮಾ.”

“ಗುಡ್ಡ ಅಲ್ಲೇ ಐತಲ್ಲಕ್ಕಾ!”

“ಇರ್ಲಿ. ಉಸಿರು ತಗೀ.”

ಮತ್ತೆ ಮೊದಲಿಂದ ಹೇಳುತ್ತಿದ್ದ, ಎಲ್ಲೋ ಒಂದು ಕಡೆ ಜಾರುತ್ತಿದ್ದ. “ನನ್ನ ಬಾಯೇ ಅಮೀನನ್ನ ತಿಂತದಕ್ಕಾ” ಎಂದು ಕಂಬಳಿಯಲ್ಲಿ ಮುಖ ಮುಚ್ಚಿಕೊಂಡ. ನಾನು ರೊಟ್ಟಿ ತಿರುವಿ ಹಾಕಿ, ಹೇಳು ಎಂದೆ.

ಸೋಮವಾರ ಸಂಜೆ ಅಮೀನುದ್ದೀನನನ್ನು ಬಿಟ್ಟರೆಂದು ರಾಯರಿಂದ ತಿಳಿಯಿತು. ಗೆಳೆಯರಿಬ್ಬರೂ ಹಾಗೇ ಕುರಿಗಳ ಕಡೆ ಹೋಗಿಬಿಟ್ಟಿದ್ದರು, ಆಮೇಲೆ ನನ್ನ ಕಣ್ಣಿಗೆ ಬೀಳಲಿಲ್ಲ. ಆ ಸೋಮವಾರ ಮುಂಜಾನೆ ಜವಾನ ಹೆಸರು ಕೂಗಿದಾಗ ಈಶಪ್ಪ ಮೆಟ್ಟಿಲಿಂದ ನನ್ನ ಹತ್ತಿರ ಓಡಿಬಂದಿದ್ದ.

“ಅಕ್ಕಾ, ಮರಿ ಖರೇನೇ ಬೆಳ್ಳಗಿತ್ತು. ಹಂಗಂತ ಹೇಳ್ಲೇನು, ಅದನ್ನೂ ತಗೀಲೇನು?”