ಡಾಟ್ ಕಾಮ್‌ಗೆ ಪೌತಿ ಖಾತೆ

ನನ್ನ ಗಂಡ ಹಂಪಿಯಲ್ಲಿ ಗೈಡ್ ಆಗಿದ್ದರು. ಮನೆಯ ಹಿಂದಿನ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಡುತ್ತಿದ್ದೆವು. ಹೊಸಪೇಟೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಇವರು ತಮ್ಮದೇ ಹೆಸರಿನ ಡಾಟ್ ಕಾಮ್ ಮಾಡಿಸಿಕೊಂಡು ಬಂದ ದಿನ ನಾನು ಮುಸಿಮುಸಿ ನಕ್ಕಿದ್ದೆ. "ಮನ್ಯಾಗ ಕರದ್ರ ಓ ಅನ್ನಂಗಿಲ್ಲ, ಲೋಕಕ್ಕೆಲ್ಲಾ ನಿಮ್ಮ ಹೆಸರು ಬೇಕೇನ್ರಿ?" ಅಂತ ಕಾಡಿಸಿದ್ದೆ. ಆಮೇಲೆ ಆ ಹೆಸರಿನ ವಿಳಾಸಕ್ಕೇ ಮೇಲ್‌ಗಳು ಬರತೊಡಗಿದವು. ಒಮ್ಮೆ ಉಳಿದು ಹೋದವರು ಪ್ರತಿವರ್ಷ ಬರೆಯುತ್ತಿದ್ದರು: ಮಗಳ ಮದುವೆಯಾಯಿತು, ನಾಯಿ ಸತ್ತಿತು, ಈ ಚಳಿಗಾಲಕ್ಕೆ ಬರುತ್ತೇವೆ, ಕೋಣೆ ಇಡಿ. ನಮ್ಮ ಒಲೆ ಉರಿಯುತ್ತಿದ್ದದ್ದು ಅವರಿಂದಲೇ.

ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತವರು ಮತ್ತೆ ಏಳಲಿಲ್ಲ. ಮೇಲ್‌ನ ಪಾಸ್‌ವರ್ಡ್ ಅವರೊಬ್ಬರಿಗೇ ಗೊತ್ತಿತ್ತು. ಅದನ್ನು ಬದಲಿಸಿ ಕೊಡಬೇಕಾದ ಅಂಗಡಿ ನೋಡಿದರೆ ಬಾಗಿಲು ಹಾಕಿತ್ತು. ಕಬ್ಬಿಣದ ಅದಿರಿನ ಕಾಲವದು. ಹೊಸಪೇಟೆಯಲ್ಲಿ ಕೈಕಾಲು ನೆಟ್ಟಗಿದ್ದವರೆಲ್ಲ ಲಾರಿ ಕೊಳ್ಳುತ್ತಿದ್ದರು, ಅಂಗಡಿಯವನೂ ಕೊಂಡಿದ್ದ. ಸಂಡೂರಿನ ದಾರಿಯಲ್ಲಿ, ಮುಗಿಯದ ಲಾರಿ ಸಾಲಿನ ಪಕ್ಕ, ಒಂದು ಚಹಾದ ಗೂಡಂಗಡಿಯಲ್ಲಿ ಕಡೆಗೂ ಸಿಕ್ಕ. ಹುಬ್ಬಿನ ಮೇಲೆಲ್ಲ ಕೆಂಪು ಧೂಳು.

"ಅಕ್ಕಾರ, ಆ ದಂಧೆ ಬಿಟ್ಟು ಭಾಳ ದಿನ ಆತ್ರಿ," ಅಂದ. "ಹೆಸರು ಮಾರೋ ಕಂಪನಿಯೋರು ನನ್ನ ಡೀಲರ್‌ಶಿಪ್ಪೂ ಕಿತ್ತಾರ. ವರ್ಷಾ ವರ್ಷಾ ರೊಕ್ಕ ಕಟ್ಟಿ ಹೆಸರು ರಿನ್ಯೂ ಮಾಡ್ಸೋದು ಇನ್ನ ನನ್ನ ಕೈಲಾಗಂಗಿಲ್ಲ. ಮೂರು ವಾರಕ್ಕ ಅವಧಿ ಮುಗೀತೈತಿ, ಜಲ್ದಿ ಬ್ಯಾರೆ ಕಂಪನಿಗೆ ಟ್ರಾನ್ಸ್‌ಫರ್ ಮಾಡ್ಕೊಂಬಿಡ್ರಿ. ಅಲ್ಲಿ ತಾನಾಗೇ ಒಂದು ವರ್ಷ ಮುಂದಕ್ಕ ಹೋಗ್ತೈತಿ."

ಆ ಡಾಟ್ ಕಾಮ್ ಹೆಸರಿನ ಖಾತೆ ತೆರೆಯುವ ಪಾಸ್‌ವರ್ಡನ್ನು ಅವನು ಹೇಳಿದ, ನಾನು ಅಂಗೈ ಮೇಲೆ ಬರೆದುಕೊಂಡೆ. ಹೊಸ ಕಂಪನಿಗೆ ಹೆಸರು ಬಂದರೆ ಇವರ ಮೇಲ್ ವಿಳಾಸ ಮತ್ತೆ ತೆರೆಯುತ್ತದೆ, ಬರೆಯುವವರಿಗೆಲ್ಲ ಇವರಿಲ್ಲ ಅಂತ ತಿಳಿಸಬಹುದು, ಕೋಣೆಗಳಿಗೂ ಜನ ಬಂದಾರು. ನನಗೆ ಬೇಕಿದ್ದದ್ದು ಇಷ್ಟೇ.

ಹೊಸಪೇಟೆಯ ಇಂಟರ್‌ನೆಟ್ ಸೆಂಟರಿಗೆ ಅಪ್ಪನೂ ಜೊತೆಗೆ ಬಂದ. ಅಪ್ಪ ಕಂಪ್ಲಿ ಕಡೆಯ ಹಳ್ಳಿಗಳಲ್ಲಿ ಗ್ರಾಮ ಲೆಕ್ಕಿಗನಾಗಿ ನಿವೃತ್ತನಾದವನು, ಇವರು ಹೋದ ಮೇಲೆ ನನ್ನ ಜೊತೆಗೇ ಇದ್ದ. ಸತ್ತ ಗಂಡನ ಹೆಸರಿನಲ್ಲೇ ಪಹಣಿ ಬಿಟ್ಟು, ಮೈದುನಂದಿರ ಕೈಯಲ್ಲಿ ಹೊಲ ಕಳೆದುಕೊಂಡು ಬೀದಿಗೆ ಬಿದ್ದ ಹೆಣ್ಣುಮಕ್ಕಳನ್ನು ಅವನು ಕಣ್ಣಾರೆ ಕಂಡಿದ್ದ. ಪರದೆಯ ಮೇಲೆ ಮಾಲೀಕರು ಎಂಬಲ್ಲಿ ಅಳಿಯನ ಹೆಸರಿದೆ ಅಂತ ನಾನು ಹೇಳಿದ್ದೇ ತಡ, ಕುರ್ಚಿ ಮುಂದಕ್ಕೆಳೆದುಕೊಂಡ.

"ಸತ್ತೋರ ಹೆಸರಿನ್ಯಾಗಿದ್ದಿದ್ದನ್ನ ಹಂಗ ಬ್ಯಾರೆ ಕಡೆ ದಾಟಸ್ತಾರೇನವ್ವಾ? ಮೊದ್ಲು ಪೌತಿ ಖಾತೆ ಆಗ್ಲಿ, ನಿನ್ನ ಹೆಸರು ಕುಂದ್ರಲಿ. ಆಮ್ಯಾಲೆ ಎಲ್ಲಿಗೆ ಬೇಕಾದ್ರೂ ಒಯ್ಯಿ."

"ಇದು ಹೊಲ ಅಲ್ಲಪ್ಪಾ."

"ಹೊಲ ಅಲ್ಲಂದ್ರ ಮಾಲೀಕನ ಹೆಸರು ಯಾಕ ಕೇಳ್ಯಾರ ಅಲ್ಲಿ?"

ಇವರ ಹೆಸರು ಅಳಿಸಿ ನನ್ನದು ಬರೆದೆ. ಒಪ್ಪಿಗೆಯಾಯಿತು. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡ. ಸುಳ್ಳೇಕೆ ಹೇಳಲಿ, ನನಗೂ ಸಮಾಧಾನವಾಯಿತು. ನನ್ನ ಹೆಸರಿನಲ್ಲಿ ಅಂತ ಅಲ್ಲಿಯವರೆಗೆ ಏನಿತ್ತು?

ಆಮೇಲೆ ಹೊಸ ಕಂಪನಿಗೆ ಅರ್ಜಿ ಹಾಕಿದೆ. ಆಗುವುದಿಲ್ಲ ಅಂತ ಉತ್ತರ ಬಂತು. ಮಾಲೀಕರ ಹೆಸರು ಬದಲಾದರೆ ಎರಡು ತಿಂಗಳು ಎಲ್ಲಿಗೂ ಒಯ್ಯುವಂತಿಲ್ಲವಂತೆ, ಕಳ್ಳರು ಹೊಡೆದುಕೊಂಡು ಹೋಗಬಾರದಂತ ಆ ನಿಯಮ. ನಾನು ಕಳ್ಳಿಯಲ್ಲ, ಹೆಂಡತಿ ಅಂತ ಬರೆದೆ. ಅದೇ ಉತ್ತರ, ಅದೇ ಅಕ್ಷರಗಳು ತಿರುಗಿ ಬಂದವು. ಅವಧಿ ಮುಗಿದ ಮೇಲೂ ಸ್ವಲ್ಪ ದಿನ ಸಡಿಲಿಕೆ ಇತ್ತು, ಅದೂ ಹಳೆಯ ಅಂಗಡಿಯ ಕಡೆಯಿಂದಲೇ ರಿನ್ಯೂ ಮಾಡಿಸುವವರಿಗೆ ಮಾತ್ರ, ನಮಗೆ ಆ ದಾರಿ ಮುಚ್ಚಿತ್ತು. ಎರಡು ತಿಂಗಳು ತುಂಬುವುದರೊಳಗೆ ಅದೂ ಮುಗಿಯುವುದಿತ್ತು.

ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ, ಜನರೆದುರಿಗೇ, ನಾನು ಅಪ್ಪನ ಮೇಲೆ ಹರಿಹಾಯ್ದೆ. "ನಿನ್ನ ಪೌತಿಗೆ ಬೆಂಕಿ ಹಚ್ಚ! ಸುಮ್ನ ಬಾಯಿ ಮುಚ್ಕೊಂಡು ಕುಂತಿದ್ರ ಆಗ್ತಿತ್ತು!" ಅಂದೆ. ಅಪ್ಪ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋಗಿ ಕೂತ. ಅಂದಿನಿಂದ ನಮ್ಮಿಬ್ಬರ ನಡುವೆ ಊಟಕ್ಕೆ ಬಾ, ಆಯ್ತು ಅನ್ನುವಷ್ಟೇ ಮಾತು.

ಒಂದು ದಿನ ಇಂಟರ್‌ನೆಟ್ ಸೆಂಟರಿನಲ್ಲಿ ಇವರ ಹೆಸರಿನ ಡಾಟ್ ಕಾಮ್ ಒತ್ತಿದರೆ ಸಾಲ ಕೊಡುತ್ತೇವೆ ಅನ್ನುವ ಜಾಹೀರಾತು ಬಂತು. ಯಾವುದೋ ದೇಶದವನೊಬ್ಬ ಆ ಹೆಸರನ್ನು ಕೊಂಡುಕೊಂಡಿದ್ದ. ಅವನಿಗೆ ನನ್ನ ಗಂಡನ ಹೆಸರು ಏನಕ್ಕೆ ಬೇಕಿತ್ತೋ, ಅವನ ಮನೆ ಹಾಳಾಗ. ಕೋಣೆಗಳು ಖಾಲಿ ಬಿದ್ದವು. ಕಡೆಗೆ ಗಣಿಯ ಸೂಪರ್‌ವೈಸರ್‌ಗಳಿಗೆ ಬಾಡಿಗೆಗೆ ಕೊಟ್ಟೆ. ಅವರು ಒಗೆದ ಬಟ್ಟೆಯ ನೀರು ಬಚ್ಚಲಿನಿಂದ ಕೆಂಪಗೆ ಹರಿದುಹೋಗುತ್ತಿತ್ತು.

ಆ ಚಳಿಗಾಲದ ಒಂದು ಬೆಳಿಗ್ಗೆ ಬಾಗಿಲಲ್ಲಿ ಒಬ್ಬ ಫ್ರೆಂಚ್ ಮುದುಕಿ ನಿಂತಿದ್ದರು. ಪ್ರತಿವರ್ಷ ಬರುತ್ತಿದ್ದವರು, ನಾಯಿ ಸತ್ತದ್ದನ್ನು ಬರೆದವರು ಅವರೇ. ಮುಖ ಬಿಗಿದುಕೊಂಡಿದ್ದರು. ವರ್ಷವೆಲ್ಲಾ ಬರೆದೆ, ಒಂದಕ್ಕೂ ಉತ್ತರವಿಲ್ಲ, ನಾನು ಏನು ತಪ್ಪು ಮಾಡಿದೆ ಅಂತ ಅವನನ್ನೇ ಕೇಳಿ ಹೋಗೋಣವೆಂದು ಬಂದೆ, ಎಲ್ಲಿ ಅವನು, ಕರೆ ಅಂದರು. ನನಗೆ ಬರುವ ಅರೆಬರೆ ಇಂಗ್ಲಿಷಿನಲ್ಲಿ ಹೇಳಿದೆ. ಹೋದ ವರ್ಷವೇ ತೀರಿಕೊಂಡರು ಅಂದೆ. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು, ನಾನು ಕಡೆಯ ಮೇಲ್‌ನಲ್ಲಿ ಅವನನ್ನು ಬೈದು ಬರೆದೆನಲ್ಲಾ ಅಂತ ಅಲ್ಲೇ ಕುಸಿದು ಕೂತರು.

ಅಪ್ಪ ಒಳಗಿನಿಂದ ಬಂದ. ಅವನಿಗೆ ಇಂಗ್ಲಿಷ್ ಬಾರದು.

"ಏನಂತಾರವ್ವಾ?"

ನಿನ್ನ ಪೌತಿಯಿಂದಲೇ ಇವರಿಗೆ ಸಾವಿನ ಸುದ್ದಿ ಮುಟ್ಟಲಿಲ್ಲ ಅನ್ನುವ ಮಾತು ತುದಿನಾಲಿಗೆಯಲ್ಲೇ ಇತ್ತು. ತಿಂಗಳುಗಟ್ಟಲೆ ಹಲ್ಲು ಕಚ್ಚಿ ಹಿಡಿದದ್ದು. ಅಪ್ಪನ ಮುಖ ನೋಡಿದೆ. ಇಷ್ಟರಲ್ಲೇ ಎಷ್ಟು ಮುದುಕನಾಗಿಬಿಟ್ಟಿದ್ದ!

"ಏನಿಲ್ಲಪ್ಪಾ. ಕುಡ್ಯಾಕ ನೀರು ಕೇಳಾಕತ್ತ್ಯಾರ," ಅಂದೆ.

ಅಪ್ಪ ಗಡಬಡಿಸಿ ಒಳಗೆ ಹೋಗಿ ತಂಬಿಗೆ ತಂದ. ಆ ಹೆಂಗಸು ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದರು, ನೀರಿನ ಕಡೆ ನೋಡಲೂ ಇಲ್ಲ. ತಂಬಿಗೆ ಹಿಡಿದು ನಿಂತ ಅಪ್ಪ ಅವರನ್ನು ನೋಡಿದ, ನನ್ನನ್ನು ನೋಡಿದ.

"ನೀರು ಕೇಳಾಕ ಯಾರರ ಹಿಂಗ ಅಳ್ತಾರೇನವ್ವಾ?" ಅಂದ.